ಅರ್ಧ ಗಡ್ಡದ ಹೋರಾಟ

ನೀರು ಸರಬರಾಜು ಕಚೇರಿಯ ದೂರು ಗುಮಾಸ್ತರು ತಮ್ಮ ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಒಂದು ದಿನವೂ ಗಡ್ಡ ಬಿಟ್ಟವರಲ್ಲ, ಒಂದು ದಿನವೂ ಕಾಯಿಲೆ ರಜೆ ಹಾಕಿದವರಲ್ಲ. ಈ ಎರಡು ಸಂಗತಿಗಳನ್ನು ಅವರು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ದೂರು ಕೊಡಲು ಬಂದವರಿಗಂತೂ ಇದನ್ನು ಪೂರ್ತಿ ಕೇಳಿಸಿಕೊಳ್ಳದೆ ಬೇರೆ ದಾರಿ ಇರಲಿಲ್ಲ.

ಒಂದು ಭಾನುವಾರ ಅವರ ಹೆಂಡತಿಯ ತಮ್ಮ ಬಂದ. ಅವನ ತೋರುಬೆರಳಿಗೆ ಉಗುರುಸುತ್ತು ಆಗಿತ್ತು. ಬೆರಳನ್ನು ಆಕಾಶದ ಕಡೆ ಎತ್ತಿ ಹಿಡಿದುಕೊಂಡು, ಅಯ್ಯೋ ಅಮ್ಮಾ ಎಂದು ನರಳುತ್ತ ಸೋಫಾದ ಮೇಲೆ ಒರಗಿದ್ದ. ಗುಮಾಸ್ತರು ಅವನೆದುರು ಕುರ್ಚಿ ಎಳೆದುಕೊಂಡು ಕೂತರು.

"ನೋವು ಅನ್ನೋದೆಲ್ಲ ಮನಸ್ಸಿನ ಭ್ರಮೆ ಕಣಯ್ಯಾ. ನಾವು ಸೊಪ್ಪು ಹಾಕಿದ್ರೆ ಅದು ತಲೆ ಮೇಲೆ ಹತ್ತಿ ಕೂರುತ್ತೆ. ನನ್ನ ನೋಡು. ಈ ದೇಹಕ್ಕೆ ನೋವು ಅಂದ್ರೆ ಏನು ಅಂತಲೇ ಗೊತ್ತಿಲ್ಲ."

"ಭಾವ, ಕೀವು ತುಂಬಿದೆ."

"ಕೀವು ಬೆರಳಲ್ಲಿದೆ. ನೋವು ನಿನ್ನ ತಲೆಯಲ್ಲಿದೆ."

ಗುಮಾಸ್ತರ ಬಲಗೆನ್ನೆಯೊಳಗೆ ಇಷ್ಟು ವರ್ಷ ತನ್ನ ಪಾಡಿಗೆ ತಾನಿದ್ದ ಒಂದು ನರ ಈ ಮಾತನ್ನು ಕೇಳಿಸಿಕೊಂಡಿತೋ ಏನೋ. ಮಾರನೆಯ ದಿನ ಬೆಳಿಗ್ಗೆ ಅವರು ಎಂದಿನಂತೆ ಮುಖಕ್ಕೆಲ್ಲ ನೊರೆ ಬಳಿದುಕೊಂಡು, ಎಡಗೆನ್ನೆಯನ್ನು ನುಣ್ಣಗೆ ಮುಗಿಸಿ, ಬಲಗೆನ್ನೆಗೆ ಬ್ಲೇಡು ತಾಗಿಸಿದರು. ಕಿವಿಯ ಮುಂದಿನಿಂದ ಹೊರಟ ಏನೋ ಒಂದು ಕೆನ್ನೆಯನ್ನು ಸೀಳಿಕೊಂಡು ಮೂಗಿನ ಪಕ್ಕಕ್ಕೆ ಬಂದು ಅಪ್ಪಳಿಸಿತು. ಕಾದ ಸರಳಿನಿಂದ ಯಾರೋ ಬಾರಿಸಿದ ಹಾಗಾಯಿತು. ಅವರು ಗಕ್ಕನೆ ಹಿಂದೆ ತಿರುಗಿ, ಹೊಡೆದವರು ಯಾರು ಎಂದು ನೋಡಿದರು. ಬಚ್ಚಲುಮನೆಯಲ್ಲಿ ಬಕೆಟ್ಟು ಬಿಟ್ಟರೆ ಯಾರೂ ಇರಲಿಲ್ಲ.

ಗುಮಾಸ್ತರು ಹಟಗಾರರು. ಮತ್ತೊಮ್ಮೆ ಬ್ಲೇಡು ತಾಗಿಸಿದರು. ಅದು ಮತ್ತೊಮ್ಮೆ ಬಾರಿಸಿತು. ಮೂರನೆಯ ಸಲ ಹಟ ಸ್ವಲ್ಪ ಯೋಚನೆ ಮಾಡಿತು. ಆ ಕಡೆಗೆ ಟವೆಲು ಒತ್ತುವ ಧೈರ್ಯವೂ ಬರದೆ, ನೊರೆ ತಾನಾಗಿಯೇ ಒಣಗಲಿ ಎಂದು ಕಾಲು ಗಂಟೆ ಸುಮ್ಮನೆ ನಿಂತರು.

"ರೀ, ಈ ಕಡೆ ಹಾಗೇ ಬಿಟ್ಟಿದ್ದೀರಿ" ಎಂದಳು ಹೆಂಡತಿ.

"ಬ್ಲೇಡು ಮೊಂಡಾಗಿದೆ."

"ಆ ಕಡೆಗೆ ಮಾತ್ರ ಚೂಪಾಗಿತ್ತಾ?"

ಭಾನುವಾರ ಭಾಷಣ ಬಿಗಿದು ಸೋಮವಾರ ಕೆನ್ನೆ ಹಿಡಿದುಕೊಂಡು ಕೂತರೆ ಮರ್ಯಾದೆ ಏನಾಗಬೇಕು? ಪ್ರಾಣ ಹೋದರೂ ನೋವು ಎಂಬ ಪದ ತಮ್ಮ ಬಾಯಿಂದ ಬರಕೂಡದು ಎಂದು ಅವರು ಆ ಕ್ಷಣವೇ ತೀರ್ಮಾನಿಸಿಬಿಟ್ಟರು.

ಆ ವಾರವೆಲ್ಲ ಎಡಗೆನ್ನೆ ದಿನಾ ಫಳಫಳ ಹೊಳೆಯಿತು, ಬಲಗೆನ್ನೆಯಲ್ಲಿ ನರೆತ ಗಡ್ಡ ಬೆಳೆಯಿತು. ಎರಡೂ ಕಡೆ ಬಿಟ್ಟುಬಿಡಿ, ನೋಡುವವರಿಗೆ ಗಡ್ಡ ಎಂದಾದರೂ ಅನಿಸುತ್ತದೆ ಎಂದು ಹೆಂಡತಿ ಬೇಡಿಕೊಂಡಳು. ಇಪ್ಪತ್ತಾರು ವರ್ಷದ ಶಿಸ್ತು ಅರ್ಧ ಮುಖಕ್ಕಾದರೂ ಉಳಿಯಲಿ ಎಂಬುದು ಗುಮಾಸ್ತರ ವಾದ.

ಮೊದಲು ಸಿಡಿದೆದ್ದವನು ಬೀದಿ ತುದಿಯ ಸಲೂನಿನವನು. ಗುಮಾಸ್ತರ ಕೂದಲು ಕತ್ತರಿಸುವುದು ಅವನೇ ಎಂದು ಬೀದಿಗೆಲ್ಲ ಗೊತ್ತಿತ್ತು. ಗುರುವಾರ ಬೆಳಿಗ್ಗೆ ಬ್ರಷ್ಷು, ಬಟ್ಟಲು ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತ.

"ಏನ್ ಸಾರ್ ಇದು? ನಾನೇ ಅರ್ಧಕ್ಕೆ ಬಿಟ್ಟು ಕಳಿಸಿದೆ ಅಂತ ಜನ ಆಡ್ಕೊಳ್ತಿದ್ದಾರೆ. ನನಗೂ ನಿಮಗೂ ಏನಾದ್ರೂ ಜಗಳ ಆಗಿದೆಯಾ?"

ಗುಮಾಸ್ತರು ಇಲ್ಲ ಎಂದು ಕೈಯಾಡಿಸಿದರು. ಅಷ್ಟರಲ್ಲಿ ಅವರಿಗೆ ಮಾತಾಡುವುದೂ ಅಪಾಯ ಎಂದು ಅನುಭವಕ್ಕೆ ಬಂದಿತ್ತು. ತುಟಿ ಅಲುಗಿದರೆ ಸಾಕು, ಕೆನ್ನೆಯೊಳಗಿನ ಅದು ಎದ್ದು ಕೂರುತ್ತಿತ್ತು.

"ಹಾಗಾದ್ರೆ ಕೂತ್ಕೊಳ್ಳಿ. ಎರಡೇ ನಿಮಿಷ" ಎಂದು ಅವನು ಒದ್ದೆ ಬ್ರಷ್ಷನ್ನು ಬಲಗೆನ್ನೆಗೆ ಸೋಕಿಸಿದ.

ಗುಮಾಸ್ತರು ಕೂತಲ್ಲಿಂದ ಮೇಲೆ ಚಿಮ್ಮಿದರು. ಬಟ್ಟಲು ಒಂದು ಕಡೆ, ಬ್ರಷ್ಷು ಇನ್ನೊಂದು ಕಡೆ. ಅವರ ಮುಖ ಹಿಂಡಿಕೊಂಡಿತು, ಬಲಗಣ್ಣಿನಿಂದ ಒಂದು ಹನಿ ಉದುರಿತು, ಬಾಯಿಂದ ಮಾತ್ರ ಒಂದಕ್ಷರವೂ ಹೊರಡಲಿಲ್ಲ. ಸಲೂನಿನವನು ಎರಡು ಹೆಜ್ಜೆ ಹಿಂದೆ ಸರಿದ.

"ತಪ್ಪಾಯ್ತು ಸಾರ್. ಇದು ಏನೋ ಪ್ರತಿಜ್ಞೆ ಅಂತ ನನಗೆ ಗೊತ್ತಿರಲಿಲ್ಲ" ಎಂದು ಮೆಲ್ಲಗೆ ಹೇಳಿ ಹೊರಟುಹೋದ. ಹತ್ತು ಗಂಟೆಯೊಳಗೆ ಬೀದಿಗೆಲ್ಲ ಸುದ್ದಿಯಾಯಿತು.

ಕಚೇರಿಯ ಕಥೆ ಬೇರೆ. ಗುಮಾಸ್ತರು ಮಾತು ನಿಲ್ಲಿಸಿ ನಾಲ್ಕು ದಿನವಾದರೂ ದೂರು ಕೊಡಲು ಬಂದವರಿಗೆ ಹಳೆಯ ಭಾಷಣ ತಪ್ಪಿತು ಎನ್ನುವುದು ಬಿಟ್ಟರೆ ವ್ಯತ್ಯಾಸ ತಿಳಿಯಲಿಲ್ಲ. ಆ ಕಿಟಕಿಯಿಂದ ಉತ್ತರ ನಿರೀಕ್ಷಿಸುವ ಅಭ್ಯಾಸ ಅವರಿಗೆ ಇರಲಿಲ್ಲ. ಗಮನಿಸಿದವರು ನೌಕರರ ಸಂಘದ ಕಾರ್ಯದರ್ಶಿ. ಎದುರಿಗೆ ಒಬ್ಬನೇ ಇದ್ದರೂ ಎರಡು ಸಾವಿರ ಜನರಿಗೆ ಕೇಳಿಸುವಂತೆ ಮಾತಾಡುತ್ತಿದ್ದುದರಿಂದ ಅವರನ್ನು ಎಲ್ಲರೂ ಮೈಕು ಎನ್ನುತ್ತಿದ್ದರು.

ಕಚೇರಿಯ ಹಿಂಭಾಗದಲ್ಲಿ ನೌಕರರ ಊಟಕ್ಕೆಂದು ಕಟ್ಟಲು ಶುರು ಮಾಡಿ ಬಿಟ್ಟ ಒಂದು ಕೋಣೆ ಇತ್ತು. ಎರಡು ಗೋಡೆ ಎದ್ದಿದ್ದವು, ಇನ್ನೆರಡು ಕಾಗದದಲ್ಲಿದ್ದವು. ಆರು ವರ್ಷದಿಂದ ಸಂಘ ಅದಕ್ಕಾಗಿ ಮನವಿ ಕೊಡುತ್ತಿತ್ತು. ಜನ ಆ ಎರಡು ಗೋಡೆಗಳ ಮೂಲೆಯಲ್ಲೇ ಕೂತು ಬಿಸಿಲು ಬಂದಂತೆಲ್ಲ ಡಬ್ಬಿ ಸಮೇತ ಸರಿಯುತ್ತ ಊಟ ಮಾಡುತ್ತಿದ್ದರು. ಆ ಶುಕ್ರವಾರ ಗುಮಾಸ್ತರು ಡಬ್ಬಿಯ ಮುಚ್ಚಳ ತೆರೆದರು, ಒಂದು ತುತ್ತು ಬಾಯಿಯ ಹತ್ತಿರ ತಂದರು, ಅಗಿಯುವುದನ್ನು ನೆನೆದು ವಾಪಸು ಇಟ್ಟರು, ಮುಚ್ಚಳ ಮುಚ್ಚಿದರು.

ಮೈಕು ಅದನ್ನು ನೋಡಿದರು. ಅರ್ಧ ಗಡ್ಡವನ್ನು ನೋಡಿದರು. ಅರ್ಧ ಕೋಣೆಯನ್ನು ನೋಡಿದರು. ಅವರ ಕಣ್ಣು ಅಗಲವಾದವು.

"ಗುಮಾಸ್ತ್ರೇ! ಈ ಕೋಣೆ ಅರ್ಧಕ್ಕೆ ನಿಂತಿದೆ ಅಂತ ತಾನೇ ನಿಮ್ಮ ಗಡ್ಡವೂ ಅರ್ಧಕ್ಕೆ ನಿಂತಿರೋದು?"

ಮೈಕು ಮಾತಾಡಿದರೆ ಗಾಳಿಯೂ ಜೊತೆಗೆ ಬರುತ್ತಿತ್ತು. ಆ ಗಾಳಿ ಬಲಗೆನ್ನೆಗೆ ತಾಗದಿರಲೆಂದು ಗುಮಾಸ್ತರು ಅಂಗೈಯನ್ನು ಮುಖದ ಪಕ್ಕಕ್ಕೆ ಎತ್ತಿ ಹಿಡಿದರು.

"ನೋಡಿ, ನೋಡಿ! ಕೈ ಎತ್ತಿ ಪ್ರಮಾಣ ಮಾಡ್ತಿದ್ದಾರೆ! ಅದಕ್ಕೇ ಮಾತಿಲ್ಲ, ಅದಕ್ಕೇ ಊಟ ಇಲ್ಲ! ಆರು ವರ್ಷದಿಂದ ನಾವು ಬರೀ ಅರ್ಜಿ ಬರೆದ್ವಿ. ಈ ಮನುಷ್ಯ ಮುಖಾನೇ ಅರ್ಜಿ ಮಾಡ್ಕೊಂಡಿದ್ದಾರೆ!"

ಇಲ್ಲ ಎನ್ನಲು ಗುಮಾಸ್ತರಿಗೆ ಒಂದು ಗಳಿಗೆ ಅವಕಾಶವಿತ್ತು. ಇಲ್ಲ ಎಂದರೆ ಮತ್ತೇಕೆ ಎಂಬ ಪ್ರಶ್ನೆ ಬರುತ್ತದೆ. ಮತ್ತೇಕೆ ಎಂದರೆ ಆ ಪದವನ್ನು ಹೇಳಬೇಕಾಗುತ್ತದೆ. ಇದು ಎಷ್ಟೋ ಮೇಲಲ್ಲವೇ? ಅವರು ತಲೆಯನ್ನು ಹುಷಾರಾಗಿ, ಕೆನ್ನೆ ಅಲುಗದಂತೆ, ಒಂದು ಸಲ ಕೆಳಗೆ ಮಾಡಿ ಮೇಲೆತ್ತಿದರು. ಸುತ್ತ ಕೂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಸೋಮವಾರ ಕಚೇರಿಗೆ ಹದಿನಾರು ಗಂಡಸರು ಅರ್ಧ ಮುಖ ಬೋಳಿಸಿಕೊಂಡು ಬಂದರು. ಅದರಲ್ಲಿ ಇಬ್ಬರು ಗುಮಾಸ್ತರ ಎದುರು ಮೇಜಿನವರು. ದಿನಾ ಅವರನ್ನು ಎದುರಿನಿಂದಲೇ ನೋಡುತ್ತಿದ್ದುದರಿಂದ ಬಲ ಎಡ ಕಲಸಿಹೋಗಿ, ಗಡ್ಡವನ್ನು ಎಡಗಡೆ ಬಿಟ್ಟುಕೊಂಡಿದ್ದರು. ಟ್ಯಾಂಕರಿನ ಚಾಲಕ ಗಡ್ಡದ ಜೊತೆಗೆ ತನ್ನ ಹುರಿಮೀಸೆಯ ಅರ್ಧವನ್ನೂ ಅರ್ಪಿಸಿದ್ದ. ಬೆರಳಚ್ಚು ವಿಭಾಗದ ಹೆಂಗಸರು ಒಂದೇ ಕಿವಿಗೆ ಓಲೆ ಹಾಕಿಕೊಂಡು ಬಂದರು. ಸಲೂನಿನವನು ಬಾಗಿಲಿಗೆ "ಇಲ್ಲಿ ಅರ್ಧ ಕ್ಷೌರ ಅಚ್ಚುಕಟ್ಟಾಗಿ ಮಾಡಲಾಗುವುದು" ಎಂದು ಬೋರ್ಡು ಹಾಕಿ, ಆ ಶೈಲಿಯ ಮೂಲಪುರುಷರ ತಲೆ ತನ್ನ ಕೈಯಲ್ಲೇ ಬೆಳೆದದ್ದು ಎಂದು ಹೇಳಿಕೊಂಡು ಓಡಾಡಿದ.

ಗುಮಾಸ್ತರು ಕಿಟಕಿಯಲ್ಲಿ ಕೆನ್ನೆಗೆ ಕೈ ಅಡ್ಡ ಹಿಡಿದು ನೆಟ್ಟಗೆ ಕೂತಿರುತ್ತಿದ್ದರು. ಜನ ದೂರು ಮರೆತು ಅವರನ್ನು ನೋಡಲು ಬಂದರು. ಅವರಿಗೆ ಅದು ಹಿತವಾಗಿಯೇ ಇತ್ತು ಎನ್ನುವುದನ್ನು ಮುಚ್ಚಿಡಬಾರದು. ಆದರೆ ದಿನಕ್ಕೆ ಇಪ್ಪತ್ತು ಮೂವತ್ತು ಸಲ ಕೆನ್ನೆಯಲ್ಲಿ ಅದು ಬಡಿಯುತ್ತಿತ್ತು, ಆಗ ಯಾವ ಕೀರ್ತಿಯೂ ನೆರವಿಗೆ ಬರುತ್ತಿರಲಿಲ್ಲ. ಅದು ಬಡಿದು ಹೋದ ಮೇಲೆ ಮತ್ತೆ ಯಾವಾಗ ಬರುತ್ತದೋ ಎಂದು ಉಸಿರು ಬಿಗಿಹಿಡಿದು ಕಾಯುವುದು ಇನ್ನೂ ಕೆಟ್ಟದಾಗಿತ್ತು.

ಹೆಂಡತಿಗೆ ಗೊತ್ತಾದದ್ದು ಒಂದು ದಾರದ ಎಳೆಯಿಂದ. ಅವರ ಬಲಗೆನ್ನೆಯ ಗಡ್ಡಕ್ಕೆ ಟವೆಲಿನ ಎಳೆಯೊಂದು ಅಂಟಿತ್ತು. ಅವಳು ಎರಡು ಬೆರಳಿನಿಂದ ಅದನ್ನು ತೆಗೆದಳು, ಅಷ್ಟೇ. ಗುಮಾಸ್ತರು ಮೇಜನ್ನು ಹಿಡಿದುಕೊಂಡು ನೆಲಕ್ಕೆ ಕುಸಿದರು. ಅವಳು ಪಕ್ಕದಲ್ಲೇ ಕೂತು, ಅವರ ಮುಖ ಸಡಿಲವಾಗುವ ತನಕ ಕಾದಳು.

"ಬೀದಿಯವರಿಗೆ ಪ್ರತಿಜ್ಞೆ, ಆಫೀಸಿನವರಿಗೆ ಹೋರಾಟ. ನನಗೇನು ಅಂತ ಹೇಳಿ."

ಗುಮಾಸ್ತರು ಗೋಡೆ ನೋಡಿದರು.

"ಎರಡು ವಾರದಿಂದ ಗಂಜಿ ಕುಡೀತಿದ್ದೀರಿ. ನನ್ನ ಅಡುಗೆ ಕೆಟ್ಟುಹೋಯ್ತೇನೋ ಅಂದ್ಕೊಂಡು ನಾನು ಒಳಗೊಳಗೇ ಅತ್ತಿದ್ದೀನಿ, ಗೊತ್ತಾ ನಿಮಗೆ?"

ಅದನ್ನು ಕೇಳಿ ಅವರಿಗೆ ನಿಜವಾಗಿಯೂ ಸಂಕಟವಾಯಿತು. ಆದರೂ ಬಾಯಿ ಬಿಡಲಿಲ್ಲ. ಅವಳೂ ಅವರಷ್ಟೇ ಹಟಗಾತಿ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ನೇರ ದೊಡ್ಡಾಸ್ಪತ್ರೆಗೆ ಹೋಗಿ, ಗಂಡನ ಲಕ್ಷಣಗಳನ್ನೆಲ್ಲ ಒದರಿ, ನರರೋಗದ ಡಾಕ್ಟರ ಚೀಟಿ ಮಾಡಿಸಿಕೊಂಡು ಬಂದಳು. ಮುಂದಿನ ಗುರುವಾರ, ಹನ್ನೊಂದೂವರೆ. ಚೀಟಿಯನ್ನು ಅವರ ಜೇಬಿಗೆ ಸೇರಿಸಿ ಹೇಳಿದಳು:

"ನಾನು ಅಲ್ಲಿ ಬಾಗಿಲಲ್ಲೇ ನಿಂತಿರ್ತೀನಿ. ನೀವು ಬರಲಿಲ್ಲ ಅಂದ್ರೆ ನಿಮ್ಮ ಕಿಟಕಿಗೆ ಬಂದು, ನಿಮ್ಮ ಪುಸ್ತಕದಲ್ಲೇ ನಿಮ್ಮ ಮೇಲೆ ದೂರು ಬರೆಸ್ತೀನಿ."

ಈ ನಡುವೆ ಕಚೇರಿಯ ಮುಖ್ಯಸ್ಥರಾದ ಎಂಜಿನಿಯರ್ ಸಾಹೇಬರು ಹೆದರಿಹೋಗಿದ್ದರು. ಮೇಲಿನವರು ತನಿಖೆಗೆ ಬಂದರೆ ಅರ್ಧ ಮುಖದ ಸಿಬ್ಬಂದಿಯನ್ನು ಹೇಗೆ ತೋರಿಸುವುದು? ಬುಧವಾರ ಅವರೇ ಖುದ್ದಾಗಿ ಕಿಟಕಿಗೆ ಬಂದರು, ಕೈಯಲ್ಲಿ ಒಂದು ಲೋಟ ತಣ್ಣೀರು.

"ನೋಡ್ರೀ, ಮೊದಲು ಇದನ್ನ ಕುಡೀರಿ. ಆಮೇಲೆ ಮಾತಾಡೋಣ."

ಮೇಲಧಿಕಾರಿ ಕೊಟ್ಟದ್ದನ್ನು ಬೇಡ ಎನ್ನುವ ಅಭ್ಯಾಸ ಗುಮಾಸ್ತರಿಗಿರಲಿಲ್ಲ. ಗುಟುಕರಿಸಿದರು. ತಣ್ಣೀರು ಬಲದವಡೆಗೆ ಹೋಯಿತು. ಲೋಟ ಕೈಯಿಂದ ಹಾರಿ ಸಾಹೇಬರ ಎದೆಗೆ ಬಡಿಯಿತು, ನೀರು ಸಾಹೇಬರ ಅಂಗಿಯೊಳಗೆ ಇಳಿಯಿತು, ಗುಮಾಸ್ತರ ಕಣ್ಣಿನಿಂದ ಧಾರೆಯಾಗಿ ನೀರು ಹರಿಯಿತು.

"ಕೋಣೆ ಆಗೋ ತನಕ ನೀರೂ ಮುಟ್ಟಲ್ವಂತೆ ಸಾರ್!" ಎಂದು ಮೈಕು ಕೂಗಿದರು.

ಸಾಹೇಬರು ಒದ್ದೆ ಅಂಗಿಯಲ್ಲೇ ತಮ್ಮ ಕೋಣೆಗೆ ಓಡಿ ಆರು ವರ್ಷದ ಕಡತಕ್ಕೆ ರುಜು ಹಾಕಿದರು. ಗೋಡೆ ನಾಳೆಯಿಂದಲೇ ಶುರು, ಹತ್ತು ದಿನದಲ್ಲಿ ಮೇಲೆ ತಗಡಿನ ಚಾವಣಿ. ಆದರೆ ಸಾಹೇಬರ ರುಜುವನ್ನು ನಂಬಿ ಕೆಟ್ಟವರು ಆ ಕಚೇರಿಯಲ್ಲಿ ಬಹಳ ಮಂದಿ ಇದ್ದರು. ಚಾವಣಿ ಏರುವ ತನಕ ಯಾರೂ ಬ್ಲೇಡು ಮುಟ್ಟಕೂಡದು, ಗುಮಾಸ್ತರಂತೂ ಏನನ್ನೂ ಮುಟ್ಟಕೂಡದು ಎಂದು ಸಂಘ ನಿರ್ಣಯಿಸಿತು.

ಗುರುವಾರ ಹನ್ನೊಂದಕ್ಕೆ ಗುಮಾಸ್ತರು ಯಾರಿಗೂ ಹೇಳದೆ ಕಿಟಕಿ ಮುಚ್ಚಿ ಹಿಂಬಾಗಿಲಿನಿಂದ ಹೊರಬಿದ್ದರು. ಗಾಳಿ ತಾಗದಂತೆ ಮುಖದ ಪಕ್ಕ ಒಂದು ಕಡತ ಅಡ್ಡ ಹಿಡಿದಿದ್ದರು. ಮೈಕು ಅದನ್ನು ಮಹಡಿಯಿಂದ ಕಂಡರು.

"ಕಡತ ಹಿಡ್ಕೊಂಡು ಒಬ್ಬರೇ ಹೊರಟಿದ್ದಾರೆ! ಮೇಲಿನ ಕಚೇರಿಗೆ ಪಾದಯಾತ್ರೆ! ಏಳ್ರಪ್ಪಾ, ಅವರನ್ನ ಒಂಟಿಯಾಗಿ ಬಿಡಬಾರದು!"

ಗುಮಾಸ್ತರು ಅಂಚೆ ಕಚೇರಿಯ ತಿರುವಿನಲ್ಲಿ ಹಿಂದೆ ನೋಡಿದರೆ ಹದಿನಾರು ಅರ್ಧ ಗಡ್ಡಗಳು ಸಾಲಾಗಿ ಬರುತ್ತಿದ್ದವು. ಅವರು ಬಿರುಸಾಗಿ ನಡೆದರು. ಸಾಲೂ ಬಿರುಸಾಯಿತು. ಅವರು ಓಡಿದರು. ಹೋರಾಟಕ್ಕೆ ವೇಗ ಬಂತೆಂದು ಹದಿನಾರು ಮಂದಿಯೂ ಓಡಿದರು. ಪೊಲೀಸಿನವನು ವಾಹನಗಳನ್ನು ತಡೆದು ದಾರಿ ಮಾಡಿಕೊಟ್ಟ.

ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಂಡನನ್ನು ಕಂಡು ನಿಟ್ಟುಸಿರು ಬಿಟ್ಟಳು. ಹಿಂದಿನ ಸಾಲನ್ನು ಕಂಡು ಆ ಉಸಿರನ್ನು ಮತ್ತೆ ಒಳಗೆ ಎಳೆದುಕೊಂಡಳು.

ನರರೋಗದ ಡಾಕ್ಟರು ವಯಸ್ಸಾದವರು, ಸಾವಧಾನದ ಮನುಷ್ಯ. ಹೊರಗಿನ ಗದ್ದಲ ಕೇಳಿ ಬಾಗಿಲು ತೆರೆದರು. ಬೆಂಚುಗಳ ಮೇಲೆ ಹದಿನೇಳು ಗಂಡಸರು, ಹದಿನೇಳು ಅರ್ಧ ಮುಖದ ಗಡ್ಡ. ಡಾಕ್ಟರ ಕನ್ನಡಕ ಮೂಗಿನ ತುದಿಗೆ ಜಾರಿತು.

"ಮುಖದ ಮುಕ್ಕವಲು ನರದ ನೋವು!" ಎಂದು ಉಸುರಿದರು. ಆಮೇಲೆ ಒಳಗೆ ತಿರುಗಿ ಕಿರಿಯ ಡಾಕ್ಟರನ್ನು ಕೂಗಿದರು. "ಬೇಗ ಬಾ ಇಲ್ಲಿ! ಗಡ್ಡ ಒಂದೇ ಕಡೆ ಬಿಟ್ಟಿದ್ದಾರೆ ಅಂದ್ರೆ ಆ ಕಡೆ ಬ್ಲೇಡು ಸೋಕಿಸೋಕೆ ಆಗ್ತಿಲ್ಲ ಅಂತ ಅರ್ಥ. ಮೂವತ್ತು ವರ್ಷದಲ್ಲಿ ಹೀಗೆ ಬಂದವರನ್ನ ನಾನು ಬೆರಳಲ್ಲಿ ಎಣಿಸಬಹುದು. ಇವತ್ತು ಒಂದೇ ಬೆಳಿಗ್ಗೆ ಹದಿನೇಳು! ಹದಿನೈದು ಬಲ, ಎರಡು ಎಡ. ಬಲಗಡೆಯೇ ಜಾಸ್ತಿ ಅಂತ ಪುಸ್ತಕದಲ್ಲೂ ಇದೆ! ನೀವೆಲ್ಲ ಎಲ್ಲಿಯವರಪ್ಪಾ?"

"ನೀರು ಸರಬರಾಜು ಕಚೇರಿ!" ಎಂದು ಮೈಕು ಗುಡುಗಿದರು.

ಡಾಕ್ಟರ ಮುಖ ಬಿಳುಚಿತು. "ನೀರು..." ಎನ್ನುತ್ತ ಬಾಗಿಲ ಪಕ್ಕದ ಕೊಳಾಯಿಯ ಕಡೆ ನೋಡಿದರು. ಅಲ್ಲಿ ನೀರು ಕುಡಿಯುತ್ತಿದ್ದ ರೋಗಿಯೊಬ್ಬ ಅದನ್ನು ಅಲ್ಲೇ ಉಗುಳಿದ. ಐದೇ ನಿಮಿಷದಲ್ಲಿ ಆಸ್ಪತ್ರೆಯ ಮೂರೂ ಅಂತಸ್ತಿನ ಕೊಳಾಯಿಗಳಿಗೆ ಚೀಲ ಕಟ್ಟಿದರು.

ಮೈಕು ಇದು ಕಾಯಿಲೆಯಲ್ಲ, ಹೋರಾಟ ಎಂದು ವಿವರಿಸಲು ಹೊರಟರು. ಡಾಕ್ಟರು ಬಿಡಲಿಲ್ಲ. ಹತ್ತಿಯ ಒಂದು ಸಣ್ಣ ಎಳೆಯನ್ನು ಹೊಸೆದು ಕೈಯಲ್ಲಿ ಹಿಡಿದು, ಸಾಲಿನ ಕೊನೆಯಿಂದ ಒಬ್ಬೊಬ್ಬರ ಕೆನ್ನೆಗೂ ಸೋಕಿಸುತ್ತ ಬಂದರು.

"ಏನಾಗುತ್ತೆ?"

"ಕಚಗುಳಿ ಆಗುತ್ತೆ" ಎಂದ ಒಬ್ಬ. "ಏನೂ ಇಲ್ಲ" ಎಂದ ಇನ್ನೊಬ್ಬ. ಟ್ಯಾಂಕರ್ ಚಾಲಕ ಸೀನಿದ. ಹದಿನಾರನೆಯವರು ಮೈಕು. "ನ್ಯಾಯ ಸಿಗೋ ತನಕ ಏನೂ ಆಗಲ್ಲ!" ಎಂದರು.

ಉಳಿದವರು ಒಬ್ಬರೇ. ಹತ್ತಿ ಹತ್ತಿರ ಬರುತ್ತಿದ್ದಂತೆ ಗುಮಾಸ್ತರು ಗೋಡೆಗೆ ಅಂಟಿಕೊಂಡರು. ಡಾಕ್ಟರು ಹತ್ತಿಯನ್ನು ಸೋಕಿಸಲಿಲ್ಲ. ಅವರ ಕಣ್ಣನ್ನು ನೋಡಿ ಕೈ ಕೆಳಗಿಳಿಸಿದರು.

"ನಿಮಗೆ ಮಾತ್ರ, ಅಲ್ವಾ?" ಎಂದು ಮೆತ್ತಗೆ ಕೇಳಿದರು. ಆಮೇಲೆ ಬೆರಳಿನಿಂದ ಗಾಳಿಯಲ್ಲೇ ಗೀಚಿ ತೋರಿಸಿದರು. ಈ ನರ ಕಿವಿಯ ಮುಂದೆ ಮೂರು ಕವಲಾಗಿ ಹಣೆಗೆ, ಕೆನ್ನೆಗೆ, ದವಡೆಗೆ ಹೋಗುತ್ತದೆ. ಬುಡದಲ್ಲಿ ಒಂದು ರಕ್ತನಾಳ ಅದನ್ನು ಒತ್ತುತ್ತಿರಬಹುದು, ಪರೀಕ್ಷೆ ಮಾಡಿ ನೋಡಬೇಕು. ಆಗ ಗಾಳಿಯೂ ಏಟಾಗುತ್ತದೆ, ಮಾತೂ ಏಟಾಗುತ್ತದೆ. "ಮನುಷ್ಯನಿಗೆ ಬರೋ ನೋವುಗಳಲ್ಲೇ ಇದು ಭಾರಿ ನೋವು. ನೀವು ಇದನ್ನಿಟ್ಟುಕೊಂಡು ದಿನಾ ಕೆಲಸಕ್ಕೆ ಹೋಗ್ತಿದ್ರಾ? ಇವತ್ತಿಂದಲೇ ಮಾತ್ರೆ ಶುರು ಮಾಡೋಣ."

ಹದಿನಾರು ಅರ್ಧ ಮುಖಗಳು ಗುಮಾಸ್ತರ ಕಡೆ ತಿರುಗಿದವು. ಮೈಕು ಜೀವಮಾನದಲ್ಲಿ ಮೊದಲ ಬಾರಿಗೆ ಪಿಸುಗುಟ್ಟಿದರು.

"ಗುಮಾಸ್ತ್ರೇ, ಇದು ನಮ್ಮ ನಮ್ಮಲ್ಲೇ ಇರಲಿ. ಇನ್ನು ಒಂಬತ್ತು ದಿನ. ನಿಮ್ಮ ಮುಖ ಸರಿಹೋಯ್ತು ಅಂತ ಗೊತ್ತಾದ್ರೆ ಸಾಹೇಬರು ಕೆಲಸ ನಿಲ್ಲಿಸಿಬಿಡ್ತಾರೆ. ಚಾವಣಿ ಏರಿದ ತಕ್ಷಣ ನಾನೇ ಮಾತ್ರೆ ತಂದುಕೊಡ್ತೀನಿ. ಒಂಬತ್ತು ದಿನ ತಡ್ಕೊಳ್ಳೋಕೆ ಆಗುತ್ತಾ?"

ಗುಮಾಸ್ತರಿಗೆ ಎದೆಯುಬ್ಬಿಸುವ ಆಸೆಯಾಯಿತು. ನೋವು ನುಂಗಿಕೊಂಡು ಕೋಣೆ ಕಟ್ಟಿಸಿದ ಮಹಾನುಭಾವ ಎಂದು ಜನ ಹೇಳುವುದು ಕಿವಿಗೆ ಕೇಳಿಸಿತು. "ಆಗು..." ಎಂದು ಬಾಯಿ ತೆರೆದರು. ಆ ಎರಡಕ್ಷರಕ್ಕೇ ಅದು ಬಡಿಯಿತು, ಹಿಂದೆಂದೂ ಇಲ್ಲದ ಹಾಗೆ, ಒಂದರ ಮೇಲೊಂದು ಮೂರು ಸಲ. ಅವರು ಹೆಂಡತಿಯ ತೋಳು ಹಿಡಿದುಕೊಂಡರು. ಅದು ಇಳಿದ ಮೇಲೆ ಅವರಿಗೆ ಒಮ್ಮೆಲೇ ಎಲ್ಲ ಸಾಕು ಅನಿಸಿತು.

"ಆಗಲ್ಲ" ಎಂದರು. "ನೋಯ್ತದೆ. ತುಂಬಾ ನೋಯ್ತದೆ."

ಹೇಳಿ ಮುಗಿಸಿ ಮಗುವಿನಂತೆ ಅತ್ತುಬಿಟ್ಟರು. ಹೆಂಡತಿ ಮೈಕಿನ ಎದುರಿಗೆ ಬಂದು ನಿಂತಳು.

"ಕೋಣೆ ನಿಮ್ಮದು. ಈ ಮುಖ ನಂದು. ಇಪ್ಪತ್ಮೂರು ವರ್ಷದಿಂದ ನಾನು ದಿನಾ ನೋಡ್ತಿರೋ ಮುಖ. ಇದನ್ನ ಇನ್ನು ಒಂದು ದಿನವೂ ನಿಮಗೆ ಕೊಡಲ್ಲ."

ಮೈಕು ತಲೆ ತಗ್ಗಿಸಿದರು. ಟ್ಯಾಂಕರ್ ಚಾಲಕ ತನ್ನ ಅರ್ಧ ಮೀಸೆಯನ್ನು ತಿರುವುತ್ತ ಎದ್ದ.

"ಅಕ್ಕಾ, ಅವರನ್ನ ಕರ್ಕೊಂಡು ಹೋಗಿ. ನಾವು ಹದಿನಾರು ಜನ ಇದ್ದೀವಲ್ಲ. ನಮಗೇನೂ ನೋಯಲ್ಲ."

ಹಾಗೆ ಹೋರಾಟವನ್ನು ಹದಿನಾರು ಮಂದಿಗೆ ಒಪ್ಪಿಸಿ ಗುಮಾಸ್ತರು ಸೇವೆಯಲ್ಲೇ ಮೊದಲ ಬಾರಿಗೆ ಕಾಯಿಲೆ ರಜೆ ಹಾಕಿದರು. ಸಾಹೇಬರಿಗೆ ಗುಮಾಸ್ತರು ಆಸ್ಪತ್ರೆ ಸೇರಿದ್ದಾರೆ ಎಂಬ ಸುದ್ದಿ ಮಾತ್ರ ತಲುಪಿತು. ಅವರು ಗಾಬರಿಯಿಂದ ಕೆಲಸಗಾರರನ್ನು ದುಪ್ಪಟ್ಟು ಮಾಡಿ, ಒಂಬತ್ತು ದಿನದ ಕೆಲಸವನ್ನು ಆರು ದಿನಕ್ಕೆ ಮುಗಿಸಿದರು.

ಮಾತ್ರೆ ನುಂಗಿದ ಗುಮಾಸ್ತರು ಮೊದಲ ಮೂರು ದಿನ ತೂಕಡಿಸಿದರು. ಏಟು ಇಪ್ಪತ್ತರಿಂದ ಎಂಟಕ್ಕೆ ಬಂತು, ಎಂಟರಿಂದ ಎರಡಕ್ಕೆ, ಆಮೇಲೆ ಎರಡು ದಿನ ಒಂದೂ ಇಲ್ಲ. ಮತ್ತೆ ಬಂದರೂ ಬರಬಹುದು, ಬಂದರೆ ಅದಕ್ಕೂ ದಾರಿಗಳಿವೆ ಎಂದು ಡಾಕ್ಟರು ಹೇಳಿದ್ದರು. ಬುಧವಾರ ಬೆಳಿಗ್ಗೆ ಅವರು ಕನ್ನಡಿಯ ಮುಂದೆ ನಿಂತರು. ಬಲಗೆನ್ನೆಗೆ ನೊರೆ ಬಳಿದರು. ಬ್ಲೇಡು ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

"ಹೆದರಿಕೆ ಆಗ್ತಿದೆ ಕಣೇ" ಎಂದರು.

ಅವಳು ಅವರ ಕೈಯಿಂದ ರೇಜರು ತೆಗೆದುಕೊಂಡಳು. ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಕಿವಿಯ ಮುಂದಿನಿಂದ ಒಂದು ಅಂಗುಲ ಎಳೆದಳು.

"ನೋವಾಯ್ತಾ?"

"ಇಲ್ಲ."

ಇನ್ನೊಂದು ಅಂಗುಲ. "ನೋವಾಯ್ತಾ?"

"ಇಲ್ಲ ಕಣೇ."

ಕೆನ್ನೆ ಮುಗಿಯಿತು. ಮೂಗಿನ ಪಕ್ಕ ಮುಗಿಯಿತು. ಅವಳ ಕಣ್ಣು ತುಂಬಿ ಬಂದು ಎದುರಿಗಿದ್ದ ಗಲ್ಲ ಮಸುಕಾಗಿ, ರೇಜರು ಜಾರಿ ಚರ್ಮ ಕೊಯ್ಯಿತು.

"ಅಯ್ಯಪ್ಪಾ!" ಎಂದು ಗುಮಾಸ್ತರು ಎದ್ದು ನಿಂತರು. ಗಲ್ಲ ಮುಟ್ಟಿ ನೋಡಿಕೊಂಡರು. ಬೆರಳಿಗೆ ರಕ್ತ ಬಂತು. ಉರಿಯಿತು, ಚುರುಚುರು ಎಂದಿತು, ಅಷ್ಟೇ. ಬೇರೆಲ್ಲೂ ಹರಿಯಲಿಲ್ಲ, ಏನನ್ನೂ ಸೀಳಲಿಲ್ಲ. ಎಲ್ಲರಿಗೂ ಆಗುವಂಥ ಒಂದು ಪುಟ್ಟ ಗಾಯ. ಅವರ ಮುಖ ಅರಳಿತು. ಬನಿಯನ್ನಿನಲ್ಲೇ ಬೀದಿಗೆ ಓಡಿದರು.

"ನೋಯ್ತಿದೆ! ನೋಡ್ರೀ, ಇಲ್ಲಿ, ಕೊಯ್ದುಕೊಂಡಿದ್ದೀನಿ, ನೋಯ್ತಿದೆ!"

ಬೀದಿಯವರು ಗಾಬರಿಯಾಗಿ ಹೊರಗೆ ಬಂದರು. ಪೂರ್ತಿ ಕ್ಷೌರದ ಗುಮಾಸ್ತರು ಒಬ್ಬೊಬ್ಬರಿಗೂ ಗಲ್ಲ ಎತ್ತಿ ತೋರಿಸುತ್ತ, ಬಾಯಿ ತುಂಬ ನಗುತ್ತ, ಒಂದೊಂದು ಬಾಗಿಲನ್ನೂ ದಾಟುತ್ತ ಹೊರಟಿದ್ದರು. ಹಿಂದೆ ಅವರ ಹೆಂಡತಿ ಹತ್ತಿಯ ಉಂಡೆ ಹಿಡಿದುಕೊಂಡು, ನಿಲ್ಲಿ ಎಂದು ಕೂಗುತ್ತ ಓಡಿ ಬರುತ್ತಿದ್ದಳು.